ಸೇರು ಜೋಳದ ರಾಣಿ

“ನಾ ಒಲ್ಲೆವ್ವ. ನಿನ್ನ ಪುಸ್ತಕದಾಗ ಇದ್ದದ್ದ ಚಲೋ ಐತಿ, ಅಷ್ಟಕ್ಕ ಇರಲಿ,” ಎಂದು ಅಮೃತವ್ವ ವೇದಿಕೆಯ ಮೆಟ್ಟಿಲ ಮೇಲೇ ಕುಳಿತುಬಿಟ್ಟಳು.

ಶಾಂಭವಿ ಅವಳ ತೋಳು ಬಿಡಲಿಲ್ಲ. ಮುಂಡರಗಿಯ ಆ ಸಭಾಭವನ ತುಂಬಿ ತುಳುಕುತ್ತಿತ್ತು. ಇವತ್ತು ಈ ಮುದುಕಿ ಬಾಯಿ ಬಿಡದಿದ್ದರೆ ಶಾಂಭವಿ ಸುಳ್ಳುಗಾತಿ ಎಂದೇ ಉಳಿಯುತ್ತಾಳೆ.

ಅವಳ ಮೊದಲ ಕಾದಂಬರಿ ‘ಸೇರು ಜೋಳದ ರಾಣಿ’. ಯಮನ ದೂತ ಏಳು ಕಾಡು ದಾಟಿ ಪುಟ್ಟ ರಾಣಿಯನ್ನು ಹುಡುಕುತ್ತಾನೆ. ಸಿಗುವುದಿಲ್ಲ. ತಾಯಿ ಅವಳನ್ನು ಸೇರು ಜೋಳಕ್ಕೆ ಪಕ್ಕದ ಮನೆಗೆ ಮಾರಿಬಿಟ್ಟಿರುತ್ತಾಳೆ!

ಈ ಹೆಸರು ಎಲ್ಲಿಂದ ಬಂತು ಎಂದು ಓದುಗರು ಕೇಳಿದರು. ‘ಆ ರಾಣಿ ನಾನೇ’ ಎಂದು ಶಾಂಭವಿ ಬರೆದಳು. ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮುಂದಿನ ಕೂಸನ್ನು ಮೊರದಲ್ಲಿಟ್ಟು ನೆರೆಯವರಿಗೆ ಮಾರುವುದು ಡೋಣಿ ಊರಿನ ಅವರ ಓಣಿಯ ಪದ್ಧತಿ. ಕೂಸು ಈ ಮನೆಯದಲ್ಲ ಎಂದು ಯಮ ಹಿಂದಿರುಗಬೇಕು. ಶಾಂಭವಿಗಿಂತ ಮೊದಲು ಮೂವರು ಅಕ್ಕಂದಿರು ಹೆಸರಿಡುವ ಮುಂಚೆಯೇ ಹೋಗಿದ್ದರು. ನಾಲ್ಕನೆಯವಳನ್ನು ಕೊಂಡವಳು ಪಕ್ಕದ ಮನೆಯ ಅಮೃತವ್ವ.

ಗದಗಿನ ವಿಮರ್ಶಕ ಭೀಮೇಶ ಇದನ್ನು ಓದಿ ನಕ್ಕಿದ್ದ. “ಪುಸ್ತಕ ಮಾರಾಕ ಕಟ್ಟಿದ ಕಥಿ ಇದು. ಮಾರಿದ ಕೂಸನ್ನ ಅವತ್ತ ಹೊಳ್ಳಿ ತರತಾರ. ಈಕಿ ನೋಡಿದ್ರ ಮೂರು ವರ್ಷ ಅಲ್ಲೇ ಬೆಳದೆ ಅಂತಾಳ!”

ಅದಕ್ಕೇ ಈ ಸಭೆ; ಭೀಮೇಶನನ್ನೂ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದಳು. ತಾಯಿ ಮಂಜವ್ವನಿಗೆ ‘ಯಮನನ್ನು ಗೆದ್ದ ತಾಯಿ’ ಎಂದು ಶಾಲು ಹೊದಿಸಿ ಆಗಿತ್ತು. ಅವಳು ತಲೆ ಎತ್ತಿರಲಿಲ್ಲ. ಪಾಪ, ನಾಚಿಕೆ, ಎಂದುಕೊಂಡಳು ಮಗಳು.

ಕೊನೆಗೂ ಅಮೃತವ್ವನನ್ನು ಮೈಕಿನ ಮುಂದೆ ನಿಲ್ಲಿಸಿದಳು.

“ಆಯೀ, ಈಕಿನ್ನ ಕೊಂಡಿದ್ದು ಖರೆ ಏನು?” ಭೀಮೇಶ ಕೇಳಿದ.

“ಖರೆ. ಸೇರು ಜೋಳ ಕೊಟ್ಟು ತಂದೆ.”

ಚಪ್ಪಾಳೆಯೋ ಚಪ್ಪಾಳೆ. “ಈಗೇನಂತೀರಿ ಸರ್?” ಶಾಂಭವಿ ಹುಬ್ಬು ಹಾರಿಸಿದಳು. ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. “ಮತ್ತ ಮೂರು ವರ್ಷ ಯಾಕ ಇಟ್ಕೊಂಡಿದ್ದಿ? ಅದನ್ನೂ ಹೇಳಿಬಿಡು ಆಯಿ.”

“ಅಕ್ಕಾ, ಆತಲ್ಲ, ಸಾಕ ಮಾಡು. ಬಸ್ ಹೋಗತೈತಿ,” ಎಂದು ಮಂಜವ್ವ ಎದ್ದು ನಿಂತಳು.

“ಹೋದ್ರ ಇನ್ನೊಂದು ಬರತೈತಿ, ಕುಂಡ್ರಬೇ ಯವ್ವಾ! ನೀ ಹೇಳ ಆಯಿ.”

ಅಮೃತವ್ವ ಮಂಜವ್ವನನ್ನೇ ನೋಡುತ್ತ ಹೇಳಿದಳು. “ನಿನ್ನ ತಮ್ಮ ಅರ್ಜುನ ಹುಟ್ಟೂ ಮಟಾ ಇಟ್ಕೊಂಡಿದ್ದೆ. ಅವ ಹುಟ್ಟಿದ ಮ್ಯಾಲೆ ಧೈರ್ಯಾತು, ಕಳಿಸಿದೆ.”

“ಹಂಗಾರ ಅವನ್ನ ಯಾಕ ಮಾರಲಿಲ್ಲ?”

“ಅಂವ ಗಂಡು ಕೂಸವ್ವ. ಅವಗೇನ ಅಂಜಿಕಿ?”

“ಅಯ್ಯ, ಯಮಗ ಗಂಡೇನು ಹೆಣ್ಣೇನು ಆಯಿ!” ಶಾಂಭವಿ ನಕ್ಕಳು. ಸಭೆಯೂ ನಕ್ಕಿತು.

“ಯಮ ಎಲ್ಲಿ ಬಂದಿದ್ದ ನನ ಕೂಸ,” ಎಂದಳು ಅಮೃತವ್ವ, ಮೈಕಿನಲ್ಲೇ. “ಮೂರೂ ಹೆಣ್ಣು ಕೂಸಿನ ಬಾಯಾಗ ಎಕ್ಕಿ ಗಿಡದ ಹಾಲು ಬಿಟ್ಟಾಕಿ ನಿಮ್ಮವ್ವ.”