ನೋಡುತ್ತಿರುವವರೆಗೆ

ವಿಫಲವಾದ ಬಾಹ್ಯಾಕಾಶ ಯಾನಗಳ ಚಿತ್ರಗಳನ್ನೆಲ್ಲ ಸರ್ಕಾರ ಅಳಿಸುತ್ತಿದ್ದ ಕಾಲವದು. ಯಾರಾದರೂ ನೋಡುತ್ತಿರುವ ದೃಶ್ಯವನ್ನು ಮಾತ್ರ ಕಾನೂನಿನಂತೆ ಮುಟ್ಟುವಂತಿರಲಿಲ್ಲ. ಅದಕ್ಕೇ ಅಂಬುಜಾಕ್ಷಿ ಬೆಳಿಗ್ಗೆಯಿಂದ ಊರಿನ ಚಿತ್ರಭಂಡಾರದಲ್ಲಿ ಕೂತಿದ್ದಳು. ಪರದೆಯ ಮೇಲೆ, ಗುರುಗ್ರಹಕ್ಕೆ ಹೋಗಿ ಮರಳಿ ಬಾರದ ತಂಗಿ ರೇವತಿ ನೌಕೆಯೊಳಗೆ ತೇಲುತ್ತ ಜಡೆ ಹೆಣೆದುಕೊಳ್ಳುತ್ತಿದ್ದಳು.

“ಏಳಿ ಅಮ್ಮಾ, ಬಾಗಿಲು ಹಾಕ್ಬೇಕು,” ಎಂದ ಅಧಿಕಾರಿ.

“ಹಾಕ್ಕೊಳ್ಳಿ. ನಾನು ಒಳಗೇ ಇರ್ತೀನಿ.”

“ಎಷ್ಟು ಹೊತ್ತು ಹೀಗೆ ಕೂತಿರ್ತೀರಿ? ನಿದ್ದೆ ಬರಲ್ವಾ?”

ಅದೇ ನೌಕೆಯಲ್ಲಿ ಮಗನನ್ನು ಕಳೆದುಕೊಂಡಿದ್ದ ಮೆಹಬೂಬಿ ಪಕ್ಕದ ಕುರ್ಚಿಯಿಂದ ಹೇಳಿದಳು: “ಅಕ್ಕ ಮಲಗಿದ್ರೆ ನಾನು ನೋಡ್ತೀನಿ. ನಾನೂ ಮಲಗಿದ್ರೆ, ನೋಡೋಕೆ ಹೊರಗೆ ಬೇಕಾದಷ್ಟು ಜನ ನಿಂತಿದಾರೆ.”

ಅಧಿಕಾರಿ ಸಿಟ್ಟಿನಿಂದ ದೀಪಗಳನ್ನೆಲ್ಲ ಆರಿಸಿ ಹೋದ.

“ಈಗ ಇನ್ನೂ ಚೆನ್ನಾಗಿ ಕಾಣ್ತಾಳೆ,” ಎಂದು ಅಂಬುಜಾಕ್ಷಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.