ಸೀನೀರ ಬಾವಿಯ ಪಣ

"ಕಾಯಿ ಮುಟ್ಟಬ್ಯಾಡಲೇ ತುಕ್ಯಾ! ಅಲ್ಲಿಂದನ ಹೇಳು, ಶಂಕ್ರೆಪ್ಪ ನಡಸ್ತಾನ."

ಗುರಲಿಂಗಪ್ಪಗೌಡ ಬಾವಿಕಟ್ಟೆಯ ನೆರಳಲ್ಲಿದ್ದ. ತುಕಾರಾಮ ಕೆಳಗೆ, ಎರಡು ಮಾರು ದೂರ, ಬಿಸಿಲಲ್ಲಿ. ನಡುವೆ ಚದುರಂಗದ ಹಲಗೆ, ಅದರ ಪಕ್ಕ ಕಾಯಿ ನಡೆಸಲು ಗೌಡನ ಆಳು ಶಂಕ್ರೆಪ್ಪ, ಸುತ್ತ ಇಡೀ ಊರು.

೧೯೪೬ರ ಬೇಸಿಗೆ. ಕೇರಿಯ ಹೊಂಡ ಬತ್ತಿ ತಿಂಗಳಾಗಿತ್ತು. ತುಕಾರಾಮ ಗೆದ್ದರೆ ಕೇರಿಯವರು ಈ ಸೀನೀರ ಬಾವಿಯ ಮೆಟ್ಟಿಲಿಳಿಯಬಹುದು. ಸೋತರೆ ಬಾವಿಯ ಮಾತನ್ನೇ ಎತ್ತುವಂತಿಲ್ಲ.

ಗೌಡ ನಗುತ್ತಲೇ ಒಪ್ಪಿದ್ದ. ಬಬಲೇಶ್ವರದಿಂದ ತಿಕೋಟಾದವರೆಗೆ ಅವನನ್ನು ಸೋಲಿಸಿದವರಿಲ್ಲ. ತುಕಾರಾಮನೋ ಸತ್ತ ದನ ಎಳೆಯುವವ. ಗೌಡನ ಬಿಳಿ ಎತ್ತಿಗೂ ಅವನ ಹಗ್ಗವೇ ಬಿದ್ದಿತ್ತು. ವಿಜಾಪುರದ ಲಾಲಸಾಬನ ಅಂಗಡಿಗೆ ಅದೂ ಇದೂ ಒಯ್ದು ಕೊಡುವಾಗ ಬಾಗಿಲಲ್ಲಿ ನಿಂತು ಕಲಿತ ಆಟ ಅವನದು. ಗೌಡ ಕಾಯಿ ಕೊಂಡದ್ದೂ ಅಲ್ಲೇ. "ಅಪ್ಪಟ ಆನಿದಂತ," ಎಂದು ಕಂಡವರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದ.

ತುಕಾರಾಮ ಪ್ಯಾದೆಗಳನ್ನು ಒಂದರ ಹಿಂದೊಂದು ಬಲಿಕೊಟ್ಟ. ಗೌಡನಿಗೊಂದು ಚಟ: ಹೊಡೆದ ಪ್ಯಾದೆಯನ್ನು ದವಡೆಗಿಟ್ಟು ಅಡಿಕೆಯಂತೆ ಚೀಪುವುದು.

"ಹಿಂಗ ಕೊಟ್ರ ಹೊಟ್ಟಿನ ತುಂಬತೈತಲೇ ನಂದು!"

"ತಿನ್ರಿ ಗೌಡ್ರ. ನಿಮ್ಮ ಮನೀದ ಐತಿ."

ಜನ ಘೊಳ್ಳೆಂದರು. ತುಕಾರಾಮನ ಹಿಂದೆ ಕೊಡ ಹಿಡಿದು ನಿಂತಿದ್ದ ಅವನ ಹೆಂಡತಿ ಬೋರವ್ವ ಹಲ್ಲು ಕಡಿದಳು. "ಸೋಲಾಕಂತನ ಬಂದೀಯೇನ?"

ತುಕಾರಾಮನ ಕಣ್ಣು ಹಲಗೆಯ ಮೇಲಿರಲಿಲ್ಲ, ಗೌಡನ ದವಡೆಯ ಮೇಲಿತ್ತು.

ಇಪ್ಪತ್ತನೇ ನಡೆಗೆ ತುಕಾರಾಮನ ರಾಜ ಮಾತ್ ಆದ; ಆಟ ಗೌಡನದಾಯಿತು.

"ಇನ್ನ ಬಾವಿ ಮರೀಲೇ," ಎಂದ ಗೌಡ, ಬಾಯಲ್ಲಿ ಪ್ಯಾದೆ ಹೊರಳಿಸುತ್ತ. "ನೀ ಮುಟ್ಟಿದ್ದು ಮೈಲಿಗಿ. ಅದನ್ನ ಮುಟ್ಟಿದವನೂ ಮೈಲಿಗಿ. ಅವ ನೀರಿಗೆ ಕೈ ಹಚ್ಚಿದ್ರ ಬಾವಿನೂ ಮೈಲಿಗಿ. ಹಿರ್ಯಾರ ಕಟ್ಟಳಿ ಇದು."

"ಅವ ಯಾರ ಇದ್ರೂನೇನ್ರಿ?"

"ಯಾವನ ಇರ್ಲಿ!"

ತುಕಾರಾಮ ಊರಿಗೆಲ್ಲ ಕೇಳುವಂತೆ ಹೇಳಿದ: "ಹಂಗಾರ ಬಾಯಾಗಿಂದು ಉಗುಳ್ರಿ. ಆನಿದಂತ ಅಲ್ಲದು. ಹ್ವಾದ ಕಾರಹುಣ್ಣಿಮಿಗೆ ಸತ್ತ ನಿಮ್ಮ ಬಿಳಿ ಎತ್ತಿನ ಎಲುಬು. ಎಳದವ ನಾ. ಕೆತ್ತಿ ಲಾಲಸಾಬಗ ಕೊಟ್ಟವನೂ ನಾನ."

ಶಂಕ್ರೆಪ್ಪ ಕೈಯಲ್ಲಿದ್ದ ವಜೀರನನ್ನು ಕೆಂಡದಂತೆ ಎಸೆದ. ಗೌಡ ಓಕರಿಸುತ್ತ ಎದ್ದ. ದಡದಡ ಮೆಟ್ಟಿಲಿಳಿದ. ಎರಡೂ ಕೈ ಬಾವಿಗದ್ದಿ ಬಾಯಿ ಮುಕ್ಕಳಿಸಿದ, ನೀರಿಗೇ ಉಗುಳಿದ, ಮತ್ತೆ ಮೊಗೆದ.

ಊರವರು ಬಾವಿಕಟ್ಟೆಯಿಂದ ಹಿಂದೆ ಸರಿದರು.

ಬೋರವ್ವ ಕೊಡ ಸೊಂಟಕ್ಕೇರಿಸಿ ಕೇರಿಯ ಹೆಂಗಸರತ್ತ ತಿರುಗಿದಳು: "ಬಾವಿ ಮೈಲಿಗಿ ಆತು. ನಡೀರಿ ಬೇ, ಇನ್ನ ಅದು ನಮ್ಮದ."