ಅಡುಗೆಮನೆ ಇರುವ ಊರು

ಪ್ರವಾಸದ ಹಡಗು ಹತ್ತುವ ಮೊದಲು ಇಟಲಿಯಲ್ಲಿ ನಾಲ್ಕು ದಿನ ಎಲ್ಲಿ ಉಳಿಯುತ್ತೀರೆಂದು ಟ್ರಾವೆಲ್ಸಿನ ಹುಡುಗಿ ಕುಮುದಮ್ಮನನ್ನೇ ಕೇಳಿದಳು. "ರೋಮೋ, ಫ್ಲಾರೆನ್ಸೋ, ಆಂಟಿ?"

"ಫ್ಲಾರೆನ್ಸ್." ಕುಮುದಮ್ಮ ಹುಡುಗಿ ತೋರಿಸಿದ ಫೋಟೋದಲ್ಲಿದ್ದ ಆ ಊರಿನ ಹಳೇ ಸೇತುವೆಯನ್ನು ಬೆರಳಿನಿಂದ ಮುಟ್ಟಿದರು.

"ಅಲ್ಲಿ ಬರೀ ಹೋಟೆಲ್ ರೂಮು ಕಣೇ," ಎಂದರು ಗಂಡ. "ರೋಮಲ್ಲಿ ಅಡುಗೆಮನೆ ಇರೋ ಫ್ಲ್ಯಾಟೇ ಸಿಗುತ್ತೆ. ನಿನ್ನ ಸಾರಿಲ್ಲದೆ ನಂಗೆ ಅನ್ನ ಇಳಿಯಲ್ಲ ಅಂತ ಗೊತ್ತಲ್ಲ?"

"ನಾಲ್ಕೇ ದಿನ ಕಣ್ರೀ."

"ಮೂವತ್ತೆಂಟು ವರ್ಷ ಮಾಡಿದೋಳಿಗೆ ನಾಲ್ಕು ದಿನ ಹೆಚ್ಚಾಯ್ತಾ? ರೋಮ್ ಅಂತ ಬರ್ಕೊಳಮ್ಮ."

ಹುಡುಗಿ ಬರೆದುಕೊಂಡಳು. ಕಾಶಿಗೆ ಹೋದಾಗಲೂ ಕುಮುದಮ್ಮ ಹೆಚ್ಚು ಹೊತ್ತು ನೋಡಿದ್ದು ವಿಶ್ವನಾಥನನ್ನಲ್ಲ, ಛತ್ರದ ಸೀಮೆಎಣ್ಣೆ ಸ್ಟೌವನ್ನು. ಏಳುವಾಗ ಮೇಜಿನ ಮೇಲಿದ್ದ ಹುಡುಗಿಯ ಫೋನ್ ನಂಬರಿನ ಕಾರ್ಡೊಂದನ್ನು ಪರ್ಸಿಗೆ ಸೇರಿಸಿದರು.

ರೋಮಿನ ವಿಮಾನ ನಿಲ್ದಾಣದ ಹೊರಗೆ ಗಂಡ ಕುಕ್ಕರು, ಸಾರಿನ ಪುಡಿ ತುಂಬಿದ್ದ ಸೂಟ್‌ಕೇಸನ್ನು ಟ್ಯಾಕ್ಸಿಗೆ ಹಾಕಿಸಿ ಒಳಗೆ ಕೂತರು. "ಬೇಗ ಹತ್ತೇ. ಹೋದ ತಕ್ಷಣ ಒಂದು ಅನ್ನ ಇಟ್ಬಿಡು, ಹೊಟ್ಟೆ ಚುರುಗುಟ್ತಿದೆ."

ಕುಮುದಮ್ಮ ತಮ್ಮ ಪೆಟ್ಟಿಗೆಯ ಹಿಡಿ ಬಿಡಲಿಲ್ಲ. ಗಂಡನ ಕೈಗೆ ಮಡಿಸಿದ ಚೀಟಿಯೊಂದನ್ನು ಕೊಟ್ಟು, ಟ್ಯಾಕ್ಸಿಯ ಬಾಗಿಲನ್ನು ಹೊರಗಿನಿಂದಲೇ ಮುಚ್ಚಿದರು.

"ಅಳತೆ ಎಲ್ಲಾ ಅದರಲ್ಲಿ ಬರೆದಿದ್ದೀನಿ ರೀ. ಒಬ್ಬರಿಗೆ ಹೊತ್ತಿಗೆ ಅರ್ಧ ಲೋಟ ಅಕ್ಕಿ ಸಾಕು. ನನ್ನ ಫ್ಲಾರೆನ್ಸ್ ರೈಲಿಗೆ ಟೈಮಾಯ್ತು, ಹಡಗಲ್ಲಿ ಸಿಗೋಣ."